ಜೇಬಿನ ಚಾಕು, ಊರಿನ ಹೆಸರು

ವರ್ಷಾಂತ್ಯದ ದಾಸ್ತಾನು ಪರಿಶೀಲನೆಗೆ ಯಾವ ಗೋದಾಮಿಗೆ ಹೋದರೂ ಒಂದು ನೋಟ ಸಾಮಾನ್ಯ. ಪೆಟ್ಟಿಗೆಯ ಟೇಪು ಕತ್ತರಿಸಬೇಕು, ಮೂಟೆಯ ಹೊಲಿಗೆ ಬಿಚ್ಚಬೇಕು, ವೋಚರುಗಳ ಕಟ್ಟಿನ ಹುರಿ ಕಡಿಯಬೇಕು. ಆಗ ವ್ಯವಸ್ಥಾಪಕರು ಗುಮಾಸ್ತೆಯ ಮುಖವನ್ನೂ, ಗುಮಾಸ್ತೆ ಹಮಾಲಿಯ ಮುಖವನ್ನೂ ನೋಡುತ್ತಾರೆ. ಕೊನೆಗೆ ಬೀಗದ ಕೈಯ ತುದಿಯಿಂದಲೋ ಹಲ್ಲಿನಿಂದಲೋ ಕೆಲಸ ಸಾಗುತ್ತದೆ. ಇಪ್ಪತ್ತೈದು ವರ್ಷಗಳಿಗೂ ಮಿಕ್ಕಿ ನನ್ನ ಜೇಬಿನಲ್ಲಿ ಒಂದು ಮಡಿಸುವ ಚಾಕು ಇರುವುದಕ್ಕೆ ಮೂಲ ಕಾರಣ ಇಷ್ಟೇ. ಒಂದು ಎರಡಾಗಿ, ಎರಡು ಹತ್ತಾಗಿ, ಈಗ ಅದು ಸಂಗ್ರಹವೆಂದು ಕರೆಸಿಕೊಳ್ಳುವ ಮಟ್ಟಕ್ಕೆ ಬಂದಿದೆ. ಈ ಹವ್ಯಾಸವನ್ನು ವಾಣಿಜ್ಯ ಪತ್ರಿಕೆಯ ಓದುಗರ ಮುಂದಿಡಲು ಕಾರಣವುಂಟು. ಸಣ್ಣ ಉತ್ಪಾದಕನೊಬ್ಬನಿಗೆ ತನ್ನ ಮುದ್ರೆ, ತನ್ನ ಊರಿನ ಹೆಸರು ಮತ್ತು ತನ್ನ ಕಾಯ್ದಿಟ್ಟ ನಿಧಿ ಎಷ್ಟು ಮುಖ್ಯವೆಂಬುದನ್ನು ಈ ಅಂಗೈಯಗಲದ ವಸ್ತುವಿನ ಚರಿತ್ರೆ ತಿಳಿಸುವಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ನನಗೆ ತಿಳಿಸಿಲ್ಲ.

ಚಾಕು ಇಟ್ಟುಕೊಳ್ಳುವುದು ನಮಗೆ ಹೊಸತೇನಲ್ಲ. ಹಿರಿಯರ ಎಲೆಯಡಿಕೆ ಚಂಚಿಯಲ್ಲಿ ಸುಣ್ಣದ ಡಬ್ಬಿ ಮತ್ತು ಅಡಕತ್ತರಿಯ ಜೊತೆಗೆ ಪುಟ್ಟದೊಂದು ಚಾಕು ಇರುವುದುಂಟು. ಕೊಡವರ ಸೊಂಟಕ್ಕೆ ಇಂದಿಗೂ ಶುಭಕಾರ್ಯಗಳಲ್ಲಿ ಪೀಚೆಕತ್ತಿ ಭೂಷಣ. ತೋಟದ ಕೆಲಸಕ್ಕೆ ಹೊರಟ ಮಲೆನಾಡಿಗನ ಸೊಂಟದಲ್ಲಿ ಕತ್ತಿ ಇಲ್ಲದಿದ್ದರೆ ಆತ ಕೆಲಸಕ್ಕೆ ಹೊರಟಿಲ್ಲವೆಂದೇ ಅರ್ಥ. ಇಂಗ್ಲಿಷಿನ ‘ಪೆನ್‌ನೈಫ್’ ಎಂಬ ಹೆಸರು ಬಂದದ್ದೂ ಹಕ್ಕಿಯ ಗರಿಯ ಲೇಖನಿಯನ್ನು ಕೆತ್ತಿ ಹದಗೊಳಿಸುವ ಕೆಲಸದಿಂದ. ಆ ಲೆಕ್ಕದಲ್ಲಿ ಅದು ಮೊದಲು ನಮ್ಮಂತಹ ಲೆಕ್ಕ ಬರೆಯುವವರ ಉಪಕರಣವೇ ಆಗಿತ್ತು.

ಸಂಗ್ರಾಹಕರು ‘ಸಾಂಪ್ರದಾಯಿಕ’ ಎಂದು ಕರೆಯುವ ಚಾಕುವಿನ ರಚನೆ ಸರಳ. ಅಲಗಿನ ಬುಡವನ್ನು ಹಿಡಿಯ ಬೆನ್ನಿನ ಉದ್ದಕ್ಕೂ ಇರುವ ಉಕ್ಕಿನ ಸ್ಪ್ರಿಂಗ್ ಒತ್ತಿ ಹಿಡಿಯುತ್ತದೆ. ತೆರೆದಾಗಲೂ ಮಡಿಸಿದಾಗಲೂ ಆ ಒತ್ತಡವೇ ಅಲಗನ್ನು ನಿಲ್ಲಿಸುತ್ತದೆ, ಬೇರೆ ಬೀಗವಿಲ್ಲ. ಒಳ್ಳೆಯ ಚಾಕುವಿನ ಅಲಗು ತೆರೆಯುವಾಗ ಜಗ್ಗದೆ ಸರಿದು, ನೆಲೆಗೆ ಬಂದೊಡನೆ ‘ಟಕ್’ ಎಂದು ಶಬ್ದ ಮಾಡುತ್ತದೆ. ಅಮೆರಿಕದ ಸಂಗ್ರಾಹಕರು ಕೊಳ್ಳುವ ಮುನ್ನ ಪರೀಕ್ಷಿಸುವುದು ಇದನ್ನೇ. ಅಲಗು ಸರಿಯುವ ರೀತಿಯನ್ನು ಅವರು ನಡೆಯೆಂದೂ, ಆ ಶಬ್ದವನ್ನು ನುಡಿಯೆಂದೂ ಕರೆಯುತ್ತಾರೆ. ನಡೆ ನುಡಿ ನೋಡಿ ವ್ಯವಹಾರ ಮಾಡುವುದು ನಮಗೂ ಪರಿಚಿತ ಸಂಗತಿಯೇ.

ಚುಕ್ಕೆಗಳ ಲೆಕ್ಕ

ಅಮೆರಿಕದ ಪೆನ್ಸಿಲ್ವೇನಿಯದ ಬ್ರಾಡ್‌ಫರ್ಡ್ ಪಟ್ಟಣದ ಕೇಸ್ ಸಂಸ್ಥೆಯ ಚಾಕುಗಳನ್ನು ಲೆಕ್ಕ ಪರಿಶೋಧಕನಾದವನು ಮೆಚ್ಚದಿರಲು ಸಾಧ್ಯವಿಲ್ಲ. ಅಲಗಿನ ಬುಡದಲ್ಲಿ ಒತ್ತಿರುವ ಸಂಖ್ಯೆಯಲ್ಲೇ ಸರಕಿನ ವಿವರವೆಲ್ಲ ಅಡಗಿದೆ. ಉದಾಹರಣೆಗೆ 6254 ಎಂಬ ಸಂಖ್ಯೆಯನ್ನು ನೋಡೋಣ. ಮೊದಲ ಅಂಕಿ ಹಿಡಿಯ ವಸ್ತುವನ್ನು ಸೂಚಿಸುತ್ತದೆ. 6 ಎಂದರೆ ಮೂಳೆ. ಎರಡನೆಯದು ಅಲಗುಗಳ ಸಂಖ್ಯೆ. ಉಳಿದ 54 ವಿನ್ಯಾಸದ ಕ್ರಮಾಂಕ. 1970ರಲ್ಲಿ ಈ ಸಂಸ್ಥೆ ಇನ್ನೊಂದು ಏರ್ಪಾಟು ಮಾಡಿತು. ಮುದ್ರೆಯ ಕೆಳಗೆ ಹತ್ತು ಚುಕ್ಕೆಗಳನ್ನಿಟ್ಟು, ವರ್ಷಕ್ಕೊಂದರಂತೆ ತೆಗೆಯುತ್ತಾ ಬಂದಿತು. 1971ರ ಚಾಕುವಿಗೆ ಒಂಬತ್ತು, 1979ರದಕ್ಕೆ ಒಂದು. 1980ರಲ್ಲಿ ಮುದ್ರೆಯ ಅಕ್ಷರದ ರೂಪ ಬದಲಿಸಿ ಪುನಃ ಹತ್ತರಿಂದ ಆರಂಭಿಸಿತು.

ಇದರ ಪರಿಣಾಮವಾಗಿ ಅರ್ಧ ಶತಮಾನದ ಹಿಂದಿನ ಚಾಕುವೊಂದನ್ನು ಕೈಗೆತ್ತಿಕೊಂಡವನು, ಯಾವ ಕಾಗದ ಪತ್ರವೂ ಇಲ್ಲದೆ, ಅದು ತಯಾರಾದ ವರ್ಷವನ್ನು ಹೇಳಬಲ್ಲ. ನಮ್ಮ ಕೈಗಾರಿಕಾ ವಸಾಹತುಗಳಲ್ಲಿ ಕಳೆದ ತಿಂಗಳು ರವಾನೆಯಾದ ಸರಕು ಯಾವ ಪಾಳಿಯದೆಂದು ಕೇಳಿದರೆ ರಿಜಿಸ್ಟರು ಹುಡುಕಲು ಅರ್ಧ ದಿನ ಬೇಕಾಗುವ ಘಟಕಗಳಿವೆ. ಅಚ್ಚಿನಲ್ಲಿ ಒಂದು ಚುಕ್ಕೆ ಕಡಿಮೆ ಮಾಡುವ ಖರ್ಚು ಎಷ್ಟೆಂದು ಅವರೇ ಯೋಚಿಸಲಿ.

ಇದೇ ಸಂಖ್ಯಾ ಕ್ರಮದಲ್ಲಿ 5 ಎಂದರೆ ಕೊಂಬಿನ ಹಿಡಿ. ಇಲ್ಲಿ ಭಾರತದ ಪ್ರಸ್ತಾಪ ಬರುತ್ತದೆ. ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಸೋಲಿಂಗನ್ ಮತ್ತು ಅಮೆರಿಕದ ಚಾಕು ತಯಾರಕರಿಗೆ ಬಹುಕಾಲ ಅಚ್ಚುಮೆಚ್ಚಾಗಿದ್ದದ್ದು ನಮ್ಮ ಕಾಡಿನ ಕಡವೆಯ ಕೊಂಬು. ಅದು ಒಳಗೆ ಗಟ್ಟಿ, ಮೇಲ್ಮೈ ಒರಟು, ಕೈಯಿಂದ ಜಾರದು. ಉದುರಿದ ಕೊಂಬನ್ನು ಆಯ್ದು ತಂದ ಹೆಸರಿನಲ್ಲಿ ನಡೆಯುತ್ತಿದ್ದ ಈ ರಫ್ತನ್ನು 1990ರ ದಶಕದ ಕೊನೆಯಲ್ಲಿ ಭಾರತ ಸರ್ಕಾರ ನಿಲ್ಲಿಸಿತು. ಹೊರದೇಶದ ತಯಾರಕರು ಬೇರೆ ಜಿಂಕೆಗಳ ಕೊಂಬಿಗೆ, ಮೂಳೆಗೆ ಹೊರಳಿದರು. ಕಡವೆ ಕೊಂಬಿನ ಹಳೆಯ ಚಾಕುಗಳ ಬೆಲೆ ಏರಿತು. ಅಂತಹ ಚಾಕುವನ್ನು ಅಲ್ಲಿಂದ ಇಲ್ಲಿಗೆ ತರಿಸುವ ಆಸೆಯಿರುವವರು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ಬಲ್ಲವರೊಡನೆ ಮೊದಲು ಮಾತನಾಡುವುದು ಕ್ಷೇಮ. ದಂತದ ಹಿಡಿಯಾದರಂತೂ ಆ ಯೋಚನೆಯನ್ನೇ ಬಿಡುವುದು ಲೇಸು.

ಐದು ಬಿಡಿಭಾಗಗಳ ಉದ್ದಿಮೆ

ಫ್ರಾನ್ಸಿನ ಸಾವೋಯ್ ಎಂಬ ಪರ್ವತ ಪ್ರಾಂತದಲ್ಲಿ ಜೋಸೆಫ್ ಒಪಿನೆಲ್ ಎಂಬ ಕಮ್ಮಾರನ ಮಗ 1890ರಲ್ಲಿ ಮಾಡಿದ ಚಾಕುವೇ ನಾನು ದಿನವೂ ಕೊಂಡೊಯ್ಯುವ ಚಾಕು. ಬೀಚ್ ಮರದ ಹಿಡಿ, ಅಲಗು, ತಿರುಗುಮೊಳೆ, ಲೋಹದ ಪಟ್ಟಿ ಮತ್ತು ತಿರುಗಿಸಿ ಬೀಗ ಹಾಕುವ ಉಂಗುರ, ಒಟ್ಟು ಐದೇ ಭಾಗಗಳು. ಇದರಲ್ಲಿ ಬೆನ್ನಿನ ಸ್ಪ್ರಿಂಗೂ ಇಲ್ಲ. ಉಂಗುರವನ್ನು ಸೇರಿಸಿದ್ದು 1955ರಲ್ಲಿ. ಅದಕ್ಕೆ ಮೊದಲು ನಾಲ್ಕೇ ಭಾಗಗಳಿದ್ದವು. 1897ರ ಹೊತ್ತಿಗೆ 1ರಿಂದ 12ರವರೆಗೆ ಅಳತೆಗಳನ್ನು ನಿಗದಿಪಡಿಸಲಾಯಿತು. 1930ರ ದಶಕದಲ್ಲಿ 1 ಮತ್ತು 11ನ್ನು ಕೈಬಿಟ್ಟರು. 1909ರಲ್ಲಿ, ಅಂದರೆ ಕಾರ್ಖಾನೆ ಇನ್ನೂ ಚಿಕ್ಕದಿದ್ದಾಗಲೇ, ಕಿರೀಟ ಧರಿಸಿದ ಹಸ್ತದ ಚಿಹ್ನೆಯನ್ನು ನೋಂದಾಯಿಸಿದರು. ನೂರು ವರ್ಷ ಮೀರಿದರೂ ಆ ಚಿಹ್ನೆ ಅಲಗಿನ ಮೇಲೆ ಹಾಗೆಯೇ ಇದೆ.

ಈ ಚಾಕುವಿನ ಇಂಗಾಲದ ಉಕ್ಕಿನ ಅಲಗು ನಮ್ಮ ಈಳಿಗೆಮಣೆಯ ಅಲಗಿನ ಸ್ವಭಾವದ್ದೇ. ನಿಂಬೆ, ಮಾವಿನಕಾಯಿ ಹೆಚ್ಚಿದರೆ ಕಪ್ಪಾಗುತ್ತದೆ, ಒರೆಸದಿದ್ದರೆ ತುಕ್ಕು, ಆದರೆ ಕಲ್ಲಿಗೆ ನಾಲ್ಕು ಬಾರಿ ಎಳೆದರೆ ಹರಿತ. ಮಳೆಗಾಲದಲ್ಲಿ ಮರ ಉಬ್ಬಿ ಅಲಗು ಬಿಗಿದುಕೊಳ್ಳುವುದೊಂದು ತೊಂದರೆ. ಅದಕ್ಕೂ ಸಾವೋಯ್ ಜನರ ಉಪಾಯವಿದೆ. ಹಿಡಿಯ ಹಿಂತುದಿಯನ್ನು ಮೇಜಿನ ಅಂಚಿಗೆ ಕುಟ್ಟಿದರೆ ಅಲಗು ಉಗುರಿಗೆ ಸಿಗುವಷ್ಟು ಮೇಲೇಳುತ್ತದೆ. ಇಷ್ಟೊಂದು ಅಗ್ಗದ ವಸ್ತುವನ್ನು 1985ರಲ್ಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯವು ಜಗತ್ತಿನ ನೂರು ಸುಂದರ ವಿನ್ಯಾಸಗಳ ಪಟ್ಟಿಗೆ ಸೇರಿಸಿಕೊಂಡಿತು.

ಹೆಸರು ಕಳೆದುಕೊಂಡ ಹಳ್ಳಿ

ಅದೇ ಫ್ರಾನ್ಸಿನ ಇನ್ನೊಂದು ಚಾಕುವಿನ ಕಥೆಯನ್ನು ನಮ್ಮ ಸದಸ್ಯರು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇನೆ. ದಕ್ಷಿಣ ಫ್ರಾನ್ಸಿನ ಒಬ್ರಾಕ್ ಪ್ರಸ್ಥಭೂಮಿಯಲ್ಲಿ ಲಾಯೋಲ್ ಎಂಬ ಹಳ್ಳಿಯಿದೆ. ಜನಸಂಖ್ಯೆ ಸಾವಿರದ ಮೇಲೆ ಕೆಲವು ನೂರು ಮಾತ್ರ. 1829ರಲ್ಲಿ ಅಲ್ಲಿಯ ಕಾಲ್ಮೆಲ್ ಎಂಬ ಕುಶಲಕರ್ಮಿ ರೂಪಿಸಿದನೆನ್ನಲಾಗುವ, ನೀಳವಾದ, ಮೆಲುವಾಗಿ ಬಾಗಿದ ಹಿಡಿಯ ಚಾಕು ಊರಿನ ಹೆಸರಿನಿಂದಲೇ ಪ್ರಸಿದ್ಧವಾಯಿತು. ದನಗಾಹಿಗಳು ಬಳಸುವ ಚಾಕುವಾದ್ದರಿಂದ ಹೊಟ್ಟೆಯುಬ್ಬರಿಸಿದ ಹಸುವಿನ ಗಾಳಿ ತೆಗೆಯುವ ದಬ್ಬಳದಂತಹ ಮೊನೆಯೂ ಅದಕ್ಕೆ ಸೇರಿಕೊಂಡಿತು. ಸ್ಪ್ರಿಂಗಿನ ತಲೆಯ ಮೇಲೆ ಜೇನುನೊಣದ ಆಕಾರ ಕೆತ್ತುವುದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಂದ ರೂಢಿ.

ಬೇಡಿಕೆ ಬೆಳೆದಂತೆ ತಯಾರಿಕೆಯು ಥಿಯೇರ್ ಎಂಬ ದೊಡ್ಡ ಚಾಕು ಪಟ್ಟಣಕ್ಕೆ ಸರಿಯಿತು. ಹಳ್ಳಿಯಲ್ಲಿ ಕುಲುಮೆಗಳು ಆರಿದವು. 1980ರ ದಶಕದಲ್ಲಿ ಊರಿನವರು ಮತ್ತೆ ಮನಸ್ಸು ಮಾಡಿ 1987ರಲ್ಲಿ ಕಾರ್ಖಾನೆ ತೆರೆದರು. ಅದರ ಕಟ್ಟಡವನ್ನು ಪ್ರಸಿದ್ಧ ವಿನ್ಯಾಸಕಾರ ಫಿಲಿಪ್ ಸ್ಟಾರ್ಕ್ ರೂಪಿಸಿದರು. ಛಾವಣಿಯಿಂದ ಮುಗಿಲಿಗೆ ಚಾಚಿದ ಮಹಾ ಅಲಗೊಂದು ದೂರದಿಂದಲೇ ಕಾಣುತ್ತದೆ. ಉದ್ಯೋಗ ಬಂತು, ಪ್ರವಾಸಿಗಳು ಬಂದರು. ಎಲ್ಲವನ್ನೂ ಮಾಡಿದರು, ಹೆಸರನ್ನು ನೋಂದಾಯಿಸುವುದೊಂದನ್ನು ಬಿಟ್ಟು.

1993ರಲ್ಲಿ ಪ್ಯಾರಿಸ್ ಬಳಿಯ ಉದ್ಯಮಿಯೊಬ್ಬರು ‘ಲಾಯೋಲ್’ ಎಂಬ ಪದವನ್ನು ಅನೇಕ ವರ್ಗದ ಸರಕುಗಳಿಗೆ ವ್ಯಾಪಾರ ಚಿಹ್ನೆಯಾಗಿ ನೋಂದಾಯಿಸಿಕೊಂಡರು. ಮೇಜಿನ ಸಾಮಗ್ರಿ, ಬಟ್ಟೆ, ಲೈಟರು, ಹೀಗೆ ಹೊರದೇಶಗಳಲ್ಲಿ ತಯಾರಾದ ಸರಕಿನ ಮೇಲೂ ಆ ಹಳ್ಳಿಯ ಹೆಸರು ಪರವಾನಗಿಯ ಮೂಲಕ ಬರತೊಡಗಿತು. ಊರಿನವರಿಗೆ ಚಾಕುವನ್ನು ಆ ಹೆಸರಿನಿಂದ ಮಾರಲು ಅಡ್ಡಿಯಿರಲಿಲ್ಲ. ಆದರೆ ಬೇರೆ ಸರಕಿಗೆ ತಮ್ಮ ಊರಿನ ಹೆಸರಿಡಲು ಅವರು ಇನ್ನೊಬ್ಬರ ಅಪ್ಪಣೆ ಕೇಳಬೇಕಾಯಿತು. 2012ರಲ್ಲಿ ಗ್ರಾಮಸ್ಥರು ಪ್ರತಿಭಟನೆಯಾಗಿ ಊರಿನ ನಾಮಫಲಕವನ್ನೇ ಕಿತ್ತಿಳಿಸಿದರು. 2014ರಲ್ಲಿ ಪ್ಯಾರಿಸ್ ಮೇಲ್ಮನವಿ ನ್ಯಾಯಾಲಯದಲ್ಲಿ ಅವರಿಗೆ ಸೋಲಾಯಿತು. 2016ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿನ ಒಂದು ಭಾಗವನ್ನು ರದ್ದುಗೊಳಿಸಿ ಮರುವಿಚಾರಣೆಗೆ ಕಳುಹಿಸಿತು. 2019ರ ಮಾರ್ಚಿಯಲ್ಲಿ ಆ ಚಿಹ್ನೆಗಳಲ್ಲಿ ಬಹುಪಾಲು ರದ್ದಾದವು. ನೋಂದಣಿಯಿಂದ ಎಣಿಸಿದರೆ ಇಪ್ಪತ್ತಾರು ವರ್ಷ. ಒಂದು ಪುಟ್ಟ ಗ್ರಾಮ ಪಂಚಾಯಿತಿ ಇಷ್ಟು ಕಾಲ ವಕೀಲರ ಶುಲ್ಕ ತೆತ್ತು ಪಡೆದದ್ದು ಹೊಸ ಆಸ್ತಿಯನ್ನಲ್ಲ, ತನ್ನದೇ ಹೆಸರನ್ನು.

ಅಲ್ಲಿಗೂ ತಕರಾರು ಮುಗಿಯಲಿಲ್ಲ. 2022ರಲ್ಲಿ ಫ್ರೆಂಚ್ ಕೈಗಾರಿಕಾ ಸ್ವತ್ತಿನ ಸಂಸ್ಥೆಯು ‘ಲಾಯೋಲ್ ಚಾಕು’ ಎಂಬುದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ನೀಡಿದಾಗ ಥಿಯೇರ್ ಪಟ್ಟಣದ ತಯಾರಕರನ್ನೂ ಒಳಗೊಂಡ ವಿಶಾಲ ಪ್ರದೇಶವನ್ನು ಒಪ್ಪಿತು. ಹಳ್ಳಿಯವರು ಇದರಿಂದ ಸಂತುಷ್ಟರಾಗಲಿಲ್ಲ. ನೂರು ವರ್ಷಗಳಿಂದ ಅದೇ ಚಾಕುವನ್ನು ಮಾಡುತ್ತಿರುವ ಥಿಯೇರಿನವರ ವಾದದಲ್ಲಿಯೂ ಹುರುಳಿಲ್ಲವೆನ್ನಲಾಗದು. ಹೆಸರು ಒಂದು ಊರಿನದು, ದುಡಿಮೆ ಇನ್ನೊಂದು ಊರಿನದು ಎಂಬಾಗ ನ್ಯಾಯ ಹೇಳುವುದು ಸುಲಭವಲ್ಲ.

ಇಲ್ಲಿ ನಾವು ಹೆಮ್ಮೆಪಡಬಹುದಾದ ಒಂದು ಅಂಶವಿದೆ. ಕೃಷಿಯೇತರ, ಅಂದರೆ ಕೈಯಿಂದ ಅಥವಾ ಯಂತ್ರದಿಂದ ಮಾಡಿದ ಸರಕಿಗೆ ಭೌಗೋಳಿಕ ಸೂಚಕ ರಕ್ಷಣೆ ಕೊಡುವ ಕಾನೂನು ಫ್ರಾನ್ಸಿನಲ್ಲಿ ಬಂದದ್ದು 2014ರಲ್ಲಿ. ನಮ್ಮ 1999ರ ಕಾಯ್ದೆ ಮೊದಲಿನಿಂದಲೇ ಅಂತಹ ಸರಕನ್ನು ಒಳಗೊಂಡಿದೆ. ಅದು 15-9-2003ರಿಂದ ಜಾರಿಯಲ್ಲಿದೆ. ಮೈಸೂರು ರೇಷ್ಮೆ, ಬಿದ್ರಿ ಕಲೆ, ಚನ್ನಪಟ್ಟಣದ ಆಟಿಕೆಗಳು ಮೊದಲ ಕೆಲವೇ ವರ್ಷಗಳಲ್ಲಿ ನೋಂದಣಿ ಪಡೆದವು. ಅಲಗಿನ ಉದ್ದಿಮೆಯಲ್ಲಿ ಮೀರತ್‌ನ ಕತ್ತರಿಗಳು 2013ರಲ್ಲಿ ನೋಂದಣಿಯಾದವು. ಆದರೆ ಸಂಘವೋ ನಿಗಮವೋ ಹೆಸರು ನೋಂದಾಯಿಸಿದ ಮಾತ್ರಕ್ಕೆ ಪ್ರತಿಯೊಬ್ಬ ತಯಾರಕನ ಕೆಲಸ ಮುಗಿಯಲಿಲ್ಲ. ಆತನೂ ‘ಅಧಿಕೃತ ಬಳಕೆದಾರ’ನಾಗಿ ಪ್ರತ್ಯೇಕವಾಗಿ ನೋಂದಾಯಿಸಿಕೊಂಡರೆ ಮಾತ್ರ ಆ ಸೂಚಕವನ್ನು ಬಳಸುವ ಹಕ್ಕು ಕಾನೂನಿನ ಬಲ ಪಡೆಯುತ್ತದೆ. ಎರಡೂ ನೋಂದಣಿಗಳಿಗೆ ಹತ್ತು ವರ್ಷದ ಅವಧಿ, ನಂತರ ನವೀಕರಣ. ಸ್ವಂತ ವ್ಯಾಪಾರ ಚಿಹ್ನೆಯ ಅರ್ಜಿಗೆ ಸಣ್ಣ ಉದ್ದಿಮೆಗಳಿಗೆ 2017ರ ನಿಯಮಗಳ ಪ್ರಕಾರ ಶುಲ್ಕದಲ್ಲಿ ಅರ್ಧದಷ್ಟು ರಿಯಾಯಿತಿಯೂ ಉಂಟು. ಕಕ್ಷಿದಾರರಿಗೆ ಇದನ್ನು ಹೇಳಿದಾಗ ‘ನೋಡೋಣ ಸಾರ್, ಈ ವರ್ಷ ಆಗಲಿ’ ಎಂಬ ಉತ್ತರವೇ ಹೆಚ್ಚು.

ಕಾಯ್ದಿಟ್ಟ ನಿಧಿಯ ಕಥೆ

ಸ್ವಿಟ್ಜರ್ಲೆಂಡಿನ ಕೆಂಪು ಚಾಕುವನ್ನು ನೋಡದವರಿಲ್ಲ. 1884ರಲ್ಲಿ ಕಾರ್ಲ್ ಎಲ್ಸೆನರ್ ಎಂಬಾತ ಈಬಾಖ್ ಎಂಬ ಊರಿನಲ್ಲಿ ಕಾರ್ಯಾಗಾರ ತೆರೆದನು. ಸ್ವಿಸ್ ಸೈನ್ಯ ಹೊಸ ಬಂದೂಕನ್ನು ಸ್ವೀಕರಿಸಿದಾಗ ಅದನ್ನು ಬಿಚ್ಚಲು ತಿರುಪುಳಿ ಇರುವ ಚಾಕು ಬೇಕಾಯಿತು. ಮೊದಲ ಸರಬರಾಜು ಜರ್ಮನಿಯ ಸೋಲಿಂಗನ್‌ನಿಂದ ಬಂದಿತು. ಆ ಕೆಲಸ ಸ್ವದೇಶದಲ್ಲೇ ಆಗಲೆಂದು ಎಲ್ಸೆನರ್ ಚಾಕು ತಯಾರಕರ ಸಂಘ ಕಟ್ಟಿ 1891ರಲ್ಲಿ ಸೈನ್ಯಕ್ಕೆ ಚಾಕು ಒದಗಿಸಿದನು. ಆದರೆ ಸೋಲಿಂಗನ್‌ನ ದರದ ಮುಂದೆ ನಿಲ್ಲಲಾಗದೆ ಉಳಿದ ಸದಸ್ಯರು ಬಿಟ್ಟುಹೋದರು. ಎಲ್ಸೆನರ್ ಸಾಲದಲ್ಲಿ ಮುಳುಗಿದನು. ಅವನನ್ನು ಎತ್ತಿದ್ದು 12-6-1897ರಂದು ಕಾನೂನಿನ ರಕ್ಷಣೆ ಪಡೆದ ಅಧಿಕಾರಿಗಳ ಚಾಕು. ಒಂದೇ ಸ್ಪ್ರಿಂಗ್ ಎರಡೂ ಬದಿಯ ಅಲಗುಗಳಿಗೆ ಕೆಲಸ ಮಾಡುವಂತೆ ಮಾಡಿದ್ದು ಅದರ ವೈಶಿಷ್ಟ್ಯ. ಭಾರ ಹೆಚ್ಚಿಸದೆ ಉಪಕರಣಗಳ ಸಂಖ್ಯೆ ಹೆಚ್ಚಿತು. ವಿಚಿತ್ರವೆಂದರೆ ಈ ಚಾಕುವನ್ನು ಸೈನ್ಯ ಅಧಿಕೃತವಾಗಿ ಕೊಳ್ಳಲಿಲ್ಲ. ಅಧಿಕಾರಿಗಳು ಸ್ವಂತ ದುಡ್ಡು ಕೊಟ್ಟು ಕೊಂಡರು.

1909ರಲ್ಲಿ ತಾಯಿ ವಿಕ್ಟೋರಿಯಾ ತೀರಿಕೊಂಡಾಗ ಆಕೆಯ ಹೆಸರನ್ನೇ ಮುದ್ರೆಯಾಗಿಸಿದನು. 1921ರಲ್ಲಿ ತುಕ್ಕು ಹಿಡಿಯದ ಉಕ್ಕು ಬಂದಾಗ ಅದರ ‘ಇನಾಕ್ಸ್’ ಎಂಬ ಹೆಸರು ಸೇರಿ ವಿಕ್ಟೋರಿನಾಕ್ಸ್ ಆಯಿತು. ಸೈನ್ಯಕ್ಕೆ ಚಾಕು ಒದಗಿಸುತ್ತಿದ್ದ ಇನ್ನೊಂದು ಸಂಸ್ಥೆ ವೆಂಗರ್. ಇಬ್ಬರೂ ಗುತ್ತಿಗೆಯನ್ನು ಹಂಚಿಕೊಂಡರಲ್ಲದೆ ಜಾಹೀರಾತಿನ ಪದಗಳನ್ನೂ ಹಂಚಿಕೊಂಡರು. ‘ಮೂಲ’ ಎಂಬುದು ಒಬ್ಬರಿಗೆ, ‘ಅಸಲಿ’ ಎಂಬುದು ಇನ್ನೊಬ್ಬರಿಗೆ!

11-9-2001ರ ದಾಳಿಯ ಬಳಿಕ ವಿಮಾನಗಳಲ್ಲಿ ಚಾಕು ನಿಷಿದ್ಧವಾಯಿತು. ವಿಮಾನ ನಿಲ್ದಾಣಗಳ ಅಂಗಡಿಗಳಲ್ಲಿ ಉಡುಗೊರೆಗೆಂದು ಮಾರಾಟವಾಗುತ್ತಿದ್ದ ಚಾಕುಗಳ ವ್ಯಾಪಾರ ನಿಂತುಹೋಗಿ, ವಿಕ್ಟೋರಿನಾಕ್ಸ್‌ನ ಚಾಕು ಮಾರಾಟ ಸುಮಾರು ಶೇಕಡ 30ರಷ್ಟು ಕುಸಿಯಿತು. ಆ ಸಂಸ್ಥೆ ಒಬ್ಬ ಕೆಲಸಗಾರನನ್ನೂ ಮನೆಗೆ ಕಳುಹಿಸಲಿಲ್ಲ. ಹೊಸ ನೇಮಕ ನಿಲ್ಲಿಸಿದರು, ಪಾಳಿಯನ್ನು ಮೊಟಕುಗೊಳಿಸಿದರು, ರಜೆಗಳನ್ನು ಮುಂಚಿತವಾಗಿ ತೆಗೆದುಕೊಳ್ಳಲು ಹೇಳಿದರು, ಕೆಲವರನ್ನು ಸುತ್ತಲಿನ ಬೇರೆ ಕಾರ್ಖಾನೆಗಳಿಗೆ ತಾತ್ಕಾಲಿಕವಾಗಿ ಎರವಲು ಕೊಟ್ಟರು. ಇದು ಕೇವಲ ದಯೆಯಿಂದ ಆದ ಕೆಲಸವಲ್ಲ. ಒಳ್ಳೆಯ ವರ್ಷಗಳ ಲಾಭವನ್ನು ಮನೆತನದವರು ಹಂಚಿಕೊಂಡು ಮುಗಿಸದೆ ಸಂಸ್ಥೆಯಲ್ಲೇ ಉಳಿಸಿದ್ದರು. 2000ರಲ್ಲಿ ಬಹುಪಾಲು ಷೇರುಗಳನ್ನು ಒಂದು ಪ್ರತಿಷ್ಠಾನಕ್ಕೆ ವರ್ಗಾಯಿಸಿ, ಪಾಲು ಕೇಳಿ ಸಂಸ್ಥೆ ಒಡೆಯದಂತೆ ವ್ಯವಸ್ಥೆ ಮಾಡಿದ್ದರು. ಅದೇ ಹೊಡೆತಕ್ಕೆ ಸಿಕ್ಕಿದ ವೆಂಗರ್ 2005ರಲ್ಲಿ ವಿಕ್ಟೋರಿನಾಕ್ಸ್‌ನ ಪಾಲಾಯಿತು. ಆಸ್ತಿ ಹೊಣೆ ಪಟ್ಟಿಯಲ್ಲಿ ಮೀಸಲು ನಿಧಿಯ ಸಾಲನ್ನು ತೋರಿಸಿ, ‘ಇದು ಸುಮ್ಮನೆ ಏಕೆ ಬಿದ್ದಿದೆ, ನಿವೇಶನ ಕೊಳ್ಳೋಣವೇ?’ ಎಂದು ಕೇಳುವ ಮಾಲೀಕರಿಗೆ ನಾನು ಈ ಪ್ರಸಂಗವನ್ನು ಹೇಳುವುದುಂಟು.

ಬಳಕೆಯೋ, ಬಂಡವಾಳವೋ

ಸಂಗ್ರಾಹಕರಲ್ಲಿ ಎರಡು ಪಂಗಡ. ಒಂದು ಪಂಗಡದವರು ಚಾಕುವನ್ನು ಎಣ್ಣೆ ಸವರಿ ಡಬ್ಬದಲ್ಲಿಡುತ್ತಾರೆ. ಒಮ್ಮೆ ಕಲ್ಲಿಗೆ ಎಳೆದರೂ ಅದರ ಮಾರಾಟ ಬೆಲೆ ಇಳಿಯುತ್ತದೆಂದು ಅವರಿಗೆ ಗೊತ್ತು. ಇನ್ನೊಂದು ಪಂಗಡದವರು ಜೇಬಿನಲ್ಲಿಟ್ಟು ಸವೆಸುತ್ತಾರೆ. ನಾನು ಎರಡನೆಯ ಪಂಗಡ. ಬಳಸದ ಉಪಕರಣಕ್ಕೆ ಸವಕಳಿ ಹಾಕುವ ಅಗತ್ಯವಿಲ್ಲ, ನಿಜ; ಆದರೆ ಅದರಿಂದ ಉತ್ಪತ್ತಿಯೂ ಇಲ್ಲ. ತೆರಿಗೆಯ ಮಾತು ಬಂದದ್ದರಿಂದ ಒಂದು ಸ್ಪಷ್ಟನೆ. ಸ್ವಂತ ಬಳಕೆಗೆ ಇಟ್ಟುಕೊಂಡ ಚರ ವಸ್ತುವು ಆದಾಯ ತೆರಿಗೆ ಕಾನೂನಿನಂತೆ ಬಂಡವಾಳ ಆಸ್ತಿಯಲ್ಲ. ಮಾರಿದರೆ ಬಂಡವಾಳ ಲಾಭದ ತೆರಿಗೆ ಬಾರದು. ಆದರೆ ಕಲಾಕೃತಿ, ಪುರಾತತ್ವ ಸಂಗ್ರಹ ಮತ್ತು ಆಭರಣಗಳಿಗೆ ಈ ವಿನಾಯಿತಿ ಇಲ್ಲ. ಯಾವುದೇ ವಸ್ತುವಿನಲ್ಲಿ ಕೂಡಿಸಿದ ರತ್ನವೂ ಆಭರಣದ ಲೆಕ್ಕಕ್ಕೇ ಸೇರುತ್ತದೆ. ಹರಳು ಕೂರಿಸಿದ ಹಿಡಿಯ ಚಾಕುವಿದ್ದವರು ಎಚ್ಚರ ವಹಿಸಬೇಕು. ಮೇಲಿಂದ ಮೇಲೆ ಕೊಂಡು ಮಾರುವವರಂತೂ ಹವ್ಯಾಸವೆಂದು ಎಷ್ಟು ಹೇಳಿದರೂ ಅದು ವ್ಯಾಪಾರದ ಆದಾಯವೇ.

ಕೊಂಡೊಯ್ಯುವ ಮುನ್ನ

ದಿನವೂ ಜೇಬಿನಲ್ಲಿಡಲು ಅಡ್ಡಿಯಿಲ್ಲವೇ ಎಂದು ಹಲವರು ಕೇಳುತ್ತಾರೆ. 1959ರ ಆಯುಧ ಕಾಯ್ದೆಯಡಿಯ ನಿಯಮಗಳು 9 ಅಂಗುಲಕ್ಕಿಂತ ಉದ್ದವಾದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗಿನ ಚಾಕುಗಳನ್ನು ಆಯುಧಗಳ ವರ್ಗದಲ್ಲಿ ಇಟ್ಟಿವೆ. ಗೃಹಕೃತ್ಯ, ಕೃಷಿ, ವಿಜ್ಞಾನ, ಕೈಗಾರಿಕೆಗಳಿಗೆಂದು ಮಾಡಿದವು ಇದಕ್ಕೆ ಹೊರತು. ಮೇಲೆ ಹೇಳಿದ ಒಪಿನೆಲ್‌ನ 8ನೇ ಅಳತೆಯ ಅಲಗು ಎಂಟೂವರೆ ಸೆಂಟಿಮೀಟರು ಮಾತ್ರ. ಆದರೆ ಗುಂಡಿ ಒತ್ತಿದರೆ ಚಿಮ್ಮುವ ಚಾಕುವಿನ ಮಾತೇ ಬೇರೆ. ದೆಹಲಿಯಲ್ಲಿ 1980ರ ಅಧಿಸೂಚನೆ ಅಂತಹವನ್ನು ಚಿಕ್ಕ ಅಳತೆಯಲ್ಲೇ ನಿರ್ಬಂಧಿಸಿತು. ಉತ್ತರ ಪ್ರದೇಶದ ರಾಂಪುರದ ಚಾಕು ಇದಕ್ಕೆ ಉದಾಹರಣೆ. ಹಿಂದಿ ಚಲನಚಿತ್ರಗಳ ಖಳನಾಯಕರು ಅದನ್ನು ಎಷ್ಟು ಝಳಪಿಸಿದರೆಂದರೆ ಊರಿನ ಹೆಸರೇ ಪುಂಡರ ಗುರುತಾಯಿತು, ಕುಶಲಕರ್ಮಿಗಳ ಅಂಗಡಿಗಳು ಒಂದೊಂದಾಗಿ ಮುಚ್ಚಿದವು. 2023ರಲ್ಲಿ ಅಲ್ಲಿನ ಆಡಳಿತ ವೃತ್ತವೊಂದರಲ್ಲಿ ಇಪ್ಪತ್ತು ಅಡಿ ಉದ್ದದ ಚಾಕುವಿನ ಪ್ರತಿಮೆಯನ್ನು ನಿಲ್ಲಿಸಿತು. ಲಾಯೋಲ್‌ನ ಛಾವಣಿಯ ಅಲಗಿನ ಕೆಳಗೆ ಕಾರ್ಖಾನೆಯಿದೆ. ರಾಂಪುರದ ವೃತ್ತದಲ್ಲಿ ಇರುವುದು ಪ್ರತಿಮೆ ಮಾತ್ರ.

ಇಂಗ್ಲೆಂಡಿಗೆ ಹೋಗುವವರು ಅಲ್ಲಿಯ 1988ರ ಕಾನೂನನ್ನು ತಿಳಿದಿರಬೇಕು. ಮಡಿಸುವ, ಬೀಗವಿಲ್ಲದ, 3 ಅಂಗುಲ ಮೀರದ ಅಲಗಿನ ಚಾಕುವಿಗೆ ಮಾತ್ರ ಅಲ್ಲಿ ಕಾರಣ ಹೇಳಬೇಕಿಲ್ಲ. ಅಲಗನ್ನು ಬಿಗಿಯುವ ಬೀಗವಿದ್ದರೆ ಅದು ಜೇಬುಚಾಕುವೇ ಅಲ್ಲವೆಂದು ಅಲ್ಲಿಯ ನ್ಯಾಯಾಲಯ ಹೇಳಿದೆ. ಆದ್ದರಿಂದ ಉಂಗುರ ಬೀಗದ ಒಪಿನೆಲ್ ಇಲ್ಲೇ ಮೇಜಿನ ಖಾನೆಯಲ್ಲಿರಲಿ. ನಮ್ಮಲ್ಲಿ ಮೆಟ್ರೋ ನಿಲ್ದಾಣ, ನ್ಯಾಯಾಲಯದ ಆವರಣ, ವಿಮಾನದ ಕೈಚೀಲ ಇವು ಚಾಕುವಿಗೆ ಸಲ್ಲದ ಜಾಗಗಳು. ಚುನಾವಣೆಯ ದಿನಗಳಲ್ಲಿಯೂ ನಿಷೇಧಾಜ್ಞೆಗಳಿರುತ್ತವೆ. ಉಳಿದ ದಿನಗಳಲ್ಲಿ ವಾರಕ್ಕೊಮ್ಮೆ ಅಲಗನ್ನು ಒರೆಸಿ, ತಿರುಗುಮೊಳೆಗೆ ಒಂದು ಹನಿ ಎಣ್ಣೆ ಬಿಟ್ಟರೆ ಸಾಕು. ಹಣ್ಣು ಹೆಚ್ಚುವ ಚಾಕುವಾದರೆ ಕೊಬ್ಬರಿ ಎಣ್ಣೆಯೇ ಉತ್ತಮ.